ಉರಿ ಕಾಣದ ಒಲೆಯಲ್ಲಿ ಮುದ್ದೆ

ಮುದ್ದೆಗೆ ಎಸರಿಡಲು ಅಲ್ಯೂಮಿನಿಯಂ ಪಾತ್ರೆಗೆ ನೀರು ಹಾಕಿ ಹೊಸ ಇಂಡಕ್ಷನ್ ಒಲೆಯ ಮೇಲಿಟ್ಟರೆ ಒಲೆ ಕೀಕ್ ಕೀಕ್ ಎಂದು ಕೂಗಿ ಸ್ವಲ್ಪ ಹೊತ್ತಿಗೆ ತಾನಾಗಿಯೇ ಆರಿಬಿಡುತ್ತದೆ. "ತಂದು ಎರಡು ದಿನ ಆಗಿಲ್ಲ, ಕೆಟ್ಟೋಯ್ತು ಕಣಕ್ಕಾ" ಎನ್ನುತ್ತಾ ಪಕ್ಕದ ಮನೆಯಾಕೆ ಒಲೆಯನ್ನು ಡಬ್ಬದ ಸಮೇತ ನಮ್ಮ ಮನೆಗೆ ಹೊತ್ತು ತಂದಿದ್ದರು. ಒಲೆಗೆ ಏನೂ ಆಗಿರಲಿಲ್ಲ. ಅದರ ಮೇಲೆ ನಮ್ಮ ಮನೆಯ ದಪ್ಪ ತಳದ ಸ್ಟೀಲ್ ಪಾತ್ರೆ ಇಟ್ಟೆವು. ಮೂರ್ನಾಲ್ಕು ನಿಮಿಷಕ್ಕೆ ನೀರು ಕುದಿಯಿತು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅಡುಗೆಮನೆಗಳಿಗೆ ಈ ಒಲೆ ಬರುತ್ತಿರುವಾಗ ಅದನ್ನು ನಮ್ಮ ಅಡುಗೆಗೆ, ನಮ್ಮ ನೀರಿಗೆ, ನಮ್ಮ ಕರೆಂಟಿಗೆ ಹೊಂದಿಸಿಕೊಳ್ಳುವುದು ಹೇಗೆಂದು ಹೇಳಲೇಬೇಕು ಅನ್ನಿಸಿದ್ದು ಆವತ್ತು.

ಸೌದೆ ಒಲೆಯಾಗಲಿ ಗ್ಯಾಸ್ ಒಲೆಯಾಗಲಿ, ಮೊದಲು ಬೆಂಕಿ ಹುಟ್ಟುತ್ತದೆ, ಆಮೇಲೆ ಅದು ಪಾತ್ರೆಯನ್ನು ಕಾಯಿಸುತ್ತದೆ. ಇಂಡಕ್ಷನ್ ಒಲೆಯಲ್ಲಿ ಬಿಸಿ ಹುಟ್ಟುವುದೇ ಪಾತ್ರೆಯ ತಳದಲ್ಲಿ. ಮೇಲಿನ ಗಾಜಿನ ಹಲಗೆಯ ಕೆಳಗೆ ತಾಮ್ರದ ತಂತಿಯ ಚಪ್ಪಟೆ ಸುರುಳಿಯೊಂದಿದೆ. ಮನೆಗೆ ಬರುವ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಒಲೆಯೊಳಗಿನ ಸರ್ಕ್ಯೂಟ್ ಅದನ್ನು ಸೆಕೆಂಡಿಗೆ 20,000ಕ್ಕೂ ಹೆಚ್ಚು ಸಲ ಹಿಂದೆಮುಂದೆ ಹರಿಯುವ ಕರೆಂಟಾಗಿ ಬದಲಿಸಿ ಸುರುಳಿಗೆ ಕೊಡುತ್ತದೆ. ಸುರುಳಿಯ ಸುತ್ತಲಿನ ಕಾಂತಕ್ಷೇತ್ರವೂ ಅಷ್ಟೇ ವೇಗದಲ್ಲಿ ದಿಕ್ಕು ಬದಲಿಸುತ್ತದೆ. ಆ ಕ್ಷೇತ್ರದೊಳಗೆ ಕಬ್ಬಿಣದ ಅಂಶವಿರುವ ತಳ ಬಂದರೆ ಲೋಹದಲ್ಲಿ ಸುಳಿಸುಳಿಯಾಗಿ ಕರೆಂಟು ಹರಿಯುತ್ತದೆ. ಕಬ್ಬಿಣ ಆ ಹರಿವನ್ನು ತಡೆಯುತ್ತದೆ, ತಡೆದಷ್ಟೂ ಕಾಯುತ್ತದೆ.

ಬದಲಾಗುವ ಕಾಂತಕ್ಷೇತ್ರ ಲೋಹದಲ್ಲಿ ಕರೆಂಟು ಹುಟ್ಟಿಸುತ್ತದೆ ಎಂಬುದನ್ನು ಮೈಕಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡರು. ಚಿತ್ರದುರ್ಗದ ಪಕ್ಕದ ಜೋಗಿಮಟ್ಟಿಯ ಗುಡ್ಡಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳು ಕರೆಂಟು ತಯಾರಿಸುವುದೂ ಇದೇ ನಿಯಮದಿಂದ. ಅಲ್ಲಿ ಗಾಳಿಯ ಬಲ ಕಾಂತಕ್ಷೇತ್ರವನ್ನು ತಿರುಗಿಸಿ ತಂತಿಯಲ್ಲಿ ಕರೆಂಟು ಹರಿಸುತ್ತದೆ. ಇಲ್ಲಿ ತಂತಿಯ ಕರೆಂಟು ಕಾಂತಕ್ಷೇತ್ರವನ್ನು ಎಬ್ಬಿಸಿ ಪಾತ್ರೆಯಲ್ಲಿ ಕರೆಂಟು ಹರಿಸುತ್ತದೆ.

ಅಲ್ಯೂಮಿನಿಯಂ, ತಾಮ್ರ, ಹಿತ್ತಾಳೆಗೆ ಆಯಸ್ಕಾಂತ ಅಂಟುವುದಿಲ್ಲ, ಅವುಗಳಲ್ಲಿ ಕರೆಂಟು ಹೆಚ್ಚು ತಡೆಯಿಲ್ಲದೆ ಹರಿದುಹೋಗುತ್ತದೆ. ಹಾಗಾಗಿ ಅವು ಈ ಒಲೆಯ ಮೇಲೆ ಕಾಯುವುದಿಲ್ಲ. ಮಣ್ಣಿನ ಮಡಕೆಯದ್ದಂತೂ ಮಾತೇ ಇಲ್ಲ. ಸ್ಟೀಲಿನ ವಿಷಯದಲ್ಲಿ ಮಾತ್ರ ಒಂದು ತೊಡಕಿದೆ. ಆಯಸ್ಕಾಂತ ಅಂಟದ ಸ್ಟೀಲೇ ಒಳ್ಳೆಯ ಸ್ಟೀಲ್ ಎಂದು ಪಾತ್ರೆ ಅಂಗಡಿಯಲ್ಲಿ ನೋಡಿ ತರುವುದು ನಮ್ಮ ರೂಢಿ. ಮದುವೆಯಲ್ಲಿ ಬಂದ ಆ ಒಳ್ಳೆಯ ಪಾತ್ರೆಗಳನ್ನೇ ಈ ಒಲೆ ಬೇಡವೆನ್ನುತ್ತದೆ. ಇಂಡಕ್ಷನ್‌ಗೆ ತಳದಲ್ಲಾದರೂ ಆಯಸ್ಕಾಂತ ಗಟ್ಟಿಯಾಗಿ ಅಂಟುವ ಪದರ ಇರಬೇಕು. ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಆಯಸ್ಕಾಂತವನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ತಳ ಚಪ್ಪಟೆಯಾಗಿರಬೇಕು, ದಪ್ಪವಿರಬೇಕು, ಕನಿಷ್ಠ 12 ಸೆಂಟಿಮೀಟರ್ ಅಗಲವಿರಬೇಕು. ಒಗ್ಗರಣೆ ಸೌಟನ್ನು ಒಲೆ ಗುರುತಿಸದೇ ಇರುವುದಕ್ಕೆ ಅದರ ಪುಟ್ಟ ತಳವೇ ಕಾರಣ. ತೆಳುವಾದ ಸ್ಟೀಲ್ ಪಾತ್ರೆಯಾದರೆ ಸುರುಳಿಯ ಆಕಾರದಲ್ಲೇ ಉಂಗುರದಂತೆ ಸೀಯುತ್ತದೆ. ರೊಟ್ಟಿ ಹಂಚು ಕಬ್ಬಿಣದ್ದಾದರೂ ನಡುವೆ ಗುಳಿ ಬಿದ್ದಿದ್ದರೆ ಅಂಚು ಬೇಯುವುದಿಲ್ಲ. ಒರಟಾದ ಹಂಚನ್ನು ಎಳೆದಾಡಿದರೆ ಗಾಜಿಗೆ ಗೀರು ಬೀಳುತ್ತದೆ, ಎತ್ತಿ ಇಡಬೇಕು.

ಈ ಒಲೆಯಿಂದ ಆಗುವ ಅಪಾಯಗಳಲ್ಲಿ ಹೆಚ್ಚಿನವು ಹುಟ್ಟುವುದು ಗೋಡೆಯ ಪ್ಲಗ್ಗಿನಲ್ಲಿ. 2000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ಎಳೆಯುತ್ತದೆ. ಮೊಬೈಲ್, ಮಿಕ್ಸಿಗೆ ಹಾಕುವ ಚಿಕ್ಕ ಪ್ಲಗ್ ಪಾಯಿಂಟ್ 6 ಆಂಪಿಯರಿನದು. ಎಷ್ಟೋ ಮನೆಗಳಲ್ಲಿ ಒಲೆಯ ದಪ್ಪ ಪಿನ್ನಿಗೆ ಒಂದು ಕನ್ವರ್ಟರ್ ಸಿಕ್ಕಿಸಿ ಆ ಚಿಕ್ಕ ಪಾಯಿಂಟಿಗೇ ಹಾಕುತ್ತಾರೆ. ಓದಲೆಂದು ಚಿತ್ರದುರ್ಗದಲ್ಲಿ ರೂಮು ಮಾಡಿಕೊಂಡಿರುವ ಹುಡುಗರು ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಿ, ಅದರ ಪಕ್ಕದ ತೂತಿಗೆ ಮೊಬೈಲ್ ಚಾರ್ಜರನ್ನೂ ಸಿಕ್ಕಿಸಿ, ನೆಲದ ಮೇಲೆ ಹಾಸಿಗೆಯ ಪಕ್ಕದಲ್ಲೇ ಅನ್ನ ಮಾಡಿಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ವಾರ ಏನೂ ಆಗುವುದಿಲ್ಲ, ಅದರಿಂದಲೇ ಧೈರ್ಯ ಬಂದುಬಿಡುತ್ತದೆ. ಒಳಗಿನ ಹಿತ್ತಾಳೆ ಪಟ್ಟಿ ದಿನಾ ಕಾದು ಸಡಿಲವಾಗುತ್ತದೆ, ಸಡಿಲವಾದಷ್ಟೂ ಇನ್ನಷ್ಟು ಕಾಯುತ್ತದೆ, ಒಂದು ದಿನ ಪ್ಲಾಸ್ಟಿಕ್ ಕರಗುತ್ತದೆ. ಈ ಒಲೆಗೆ 16 ಆಂಪಿಯರಿನ ಪವರ್ ಪ್ಲಗ್ ಬೇಕು, ಅದಕ್ಕೆ ಮೇನ್ ಬೋರ್ಡಿನಿಂದ ಕನಿಷ್ಠ 2.5 ಚದರ ಮಿಲಿಮೀಟರಿನ ತಾಮ್ರದ ವೈರು ನೇರವಾಗಿ ಬರಬೇಕು, ಅಲ್ಲಿ ಮಿತಿ ಮೀರಿದ ಕರೆಂಟನ್ನು ಕಡಿಯುವ ಎಂಸಿಬಿ ಇರಬೇಕು. ಹತ್ತು ನಿಮಿಷ ಅಡುಗೆ ಮಾಡಿದ ಮೇಲೆ ಒಲೆ ಆರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ ಪ್ಲಗ್ಗಿನ ಮೈ ಮುಟ್ಟಿ ನೋಡಿ. ಕೈಗೆ ಸುಡುವಂತಿದ್ದರೆ, ಕಂದು ಕಲೆಯೋ ಸುಟ್ಟ ವಾಸನೆಯೋ ಇದ್ದರೆ ಆ ಪಾಯಿಂಟನ್ನು ಬದಲಿಸುವವರೆಗೆ ಒಲೆ ಹಚ್ಚಬೇಡಿ.

ಅರ್ಥಿಂಗ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಮ್ಮದು ಒಣ ಸೀಮೆ. ಕೃಷಿ ಇಲಾಖೆಯ ಲೆಕ್ಕದಲ್ಲೂ ಈ ನಾಲ್ಕು ತಾಲ್ಲೂಕುಗಳು ಮಧ್ಯ ಒಣ ವಲಯಕ್ಕೆ ಸೇರಿದವು. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನು ಮನೆಯ ಪಕ್ಕದ ಅರ್ಥಿಂಗ್ ಗುಂಡಿಗೆ ಹೋಗುತ್ತದೆ. ಒಲೆಯ ಲೋಹದ ಭಾಗಕ್ಕೆ ಕರೆಂಟು ಸೋರಿದರೆ ಅದು ನಿಮ್ಮ ಮೈಮೇಲೆ ಹರಿಯದೆ ಆ ದಾರಿಯಲ್ಲಿ ನೆಲ ಸೇರಬೇಕು. ಆದರೆ ಒಣಗಿದ ಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ. ಗುಂಡಿಯಲ್ಲಿ ಇದ್ದಿಲು, ಉಪ್ಪು ತುಂಬುವುದೇ ತೇವ ಹಿಡಿದಿಡಲೆಂದು. ಮಾರ್ಚ್‌ನಿಂದ ಮಳೆ ಬೀಳುವತನಕ ಆ ಗುಂಡಿಗೆ ವಾರಕ್ಕೊಂದೆರಡು ಕೊಡ ನೀರು ಹಾಕಿ. ಹಳೆಯ ಮನೆಗಳಲ್ಲಿ ಮೂರನೆಯ ತೂತು ಇದ್ದರೂ ಅದಕ್ಕೆ ವೈರೇ ಇರುವುದಿಲ್ಲ. ಹೊಸ ಒಲೆ ತಂದ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಹಾಗೇ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿ. ಸೋರಿಕೆ ಕಂಡ ಕ್ಷಣದಲ್ಲಿ ಅದು ಮನೆಯ ಕರೆಂಟು ಕಡಿದುಬಿಡುತ್ತದೆ.

ಅಡಿಕೆ, ತೆಂಗಿನ ತೋಟಗಳಿರುವ ಕಡೆ ತ್ರೀ ಫೇಸ್ ಕರೆಂಟು ಬಂದಾಗ ಬೋರ್‌ವೆಲ್ ಮೋಟಾರುಗಳೆಲ್ಲ ಒಟ್ಟಿಗೆ ಓಡುತ್ತವೆ. ಮನೆಗಳಿಗೂ ಅದೇ ಲೈನಿನ ಕರೆಂಟಿದ್ದರೆ ವೋಲ್ಟೇಜು ಇಳಿಯುತ್ತದೆ. ಆಗ ಒಲೆ ನೀರು ಕಾಯಿಸಲು ತಡಮಾಡಬಹುದು, ಇಲ್ಲವೇ ಇ ಅಕ್ಷರದ ಜೊತೆಗೊಂದು ಅಂಕಿ ತೋರಿಸಿ ನಿಲ್ಲಬಹುದು. ಆ ಅಂಕಿಯ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆ, ಡಬ್ಬದಲ್ಲಿ ಬಂದ ಪುಸ್ತಕವನ್ನು ಎಸೆಯಬೇಡಿ. ಹೋದ ಕರೆಂಟು ಮರಳಿ ಬರುವ ಗಳಿಗೆ ಇನ್ನೂ ಕೆಟ್ಟದ್ದು. ಒಮ್ಮೆಲೇ ಏರುವ ವೋಲ್ಟೇಜು ಒಳಗಿನ ಸರ್ಕ್ಯೂಟನ್ನು ಸುಡಬಹುದು. ಕರೆಂಟು ಹೋದ ಕೂಡಲೇ ಪ್ಲಗ್ ಕೀಳಿ, ಬಂದು ಐದು ನಿಮಿಷ ಕಳೆದ ಮೇಲೆ ಹಾಕಿ. ಏಪ್ರಿಲ್, ಮೇ ತಿಂಗಳ ಗುಡುಗು ಮಿಂಚಿನ ಸಂಜೆಗಳಲ್ಲೂ ಹೀಗೇ ಮಾಡಿ. ಮನೆಯ ಯುಪಿಎಸ್‌ಗೆ ಈ ಒಲೆ ಹಾಕಬೇಡಿ.

ಜಾಗವಿಲ್ಲವೆಂದು ಗ್ಯಾಸ್ ಒಲೆಯ ಮೇಲೆಯೇ ಇಂಡಕ್ಷನ್ ಒಲೆ ಇಟ್ಟುಕೊಂಡಿರುವ ಮನೆಗಳನ್ನು ನೋಡಿದ್ದೇನೆ. ಯಾರೋ ಮರೆತು ಗ್ಯಾಸ್ ಹಚ್ಚಿದರೆ ಮುಗಿಯಿತು. ಕಬ್ಬಿಣದ ಟೇಬಲ್ಲಿನ ಮೇಲೂ ಇಡಬಾರದು, ಕಲ್ಲಿನ ಕಟ್ಟೆಯೇ ಸರಿ. ಒಲೆಯ ಹೊಟ್ಟೆಯಲ್ಲಿ ಫ್ಯಾನಿದೆ, ಅದು ಕೆಳಗಿನಿಂದ ಗಾಳಿ ಎಳೆದು ಪಕ್ಕಕ್ಕೋ ಹಿಂದಕ್ಕೋ ಬಿಡುತ್ತದೆ. ಗೋಡೆಯಿಂದ ಒಂದು ಗೇಣು ದೂರ ಬಿಡಿ, ಅಡಿಯಲ್ಲಿ ಬಟ್ಟೆ, ಪೇಪರು ಹಾಸಬೇಡಿ. ಗಾಳಿ ಬೀಸುವ ಕಾಲದಲ್ಲಿ ನಮ್ಮೂರಿನ ಮನೆಗಳಿಗೆ ಬರುವ ಧೂಳು ಗೊತ್ತೇ ಇದೆ. ಪ್ಲಗ್ ಕಿತ್ತು, ಒಲೆ ಮಗುಚಿ ತಿಂಗಳಿಗೊಮ್ಮೆ ಒಣ ಬ್ರಷ್‌ನಿಂದ ಆ ಕಿಂಡಿಗಳನ್ನು ಉಜ್ಜಿ. ಬೆಚ್ಚಗಿರುವುದರಿಂದ ಜಿರಲೆಗಳು ಒಳಗೆ ಸೇರಿ ಶಾರ್ಟ್ ಮಾಡುತ್ತವೆ. ಹಾಗೆಂದು ಕಿಂಡಿಯೊಳಗೆ ಜಿರಲೆ ಔಷಧಿ ಸಿಂಪಡಿಸಬೇಡಿ, ರಾತ್ರಿ ಕಟ್ಟೆ ಒರೆಸಿ ಒಲೆಯನ್ನು ಎತ್ತಿಡಿ. ಸ್ಕ್ರೂ ಬಿಚ್ಚಿ ಒಳಗೆ ಕೈ ಹಾಕುವ ಕೆಲಸ ಬೇಡ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು.

ಬೋರ್‌ವೆಲ್ಲಿನ ಗಡಸು ನೀರು ಗಾಜಿನ ಮೇಲೆ ಬಿಳಿ ಕಲೆ ಕೂರಿಸುತ್ತದೆ. ಒಲೆ ತಣ್ಣಗಾದ ಮೇಲೆ ನಿಂಬೆ ಹೋಳಿನಿಂದ ಉಜ್ಜಿ ಹತ್ತು ನಿಮಿಷ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ತಂತಿ ನಾರು ಬೇಡ. ಬೆಲ್ಲದ ಪಾಕ ಚೆಲ್ಲಿದರೆ ಮಾತ್ರ ಪೂರ್ತಿ ತಣ್ಣಗಾಗುವವರೆಗೆ ಕಾಯಬೇಡಿ. ಒಲೆ ಆರಿಸಿ, ಪಾಕ ಬೆಚ್ಚಗಿರುವಾಗಲೇ ಮರದ ಸೌಟಿನಿಂದ ಕೆರೆದು ತೆಗೆಯಿರಿ. ಗಟ್ಟಿಯಾದ ಪಾಕವನ್ನು ಕೀಳಲು ಹೋದರೆ ಗಾಜಿನ ಚಕ್ಕೆಯೂ ಏಳಬಹುದು. ಗಾಜಿನಲ್ಲಿ ಕೂದಲೆಳೆಯ ಬಿರುಕು ಕಂಡರೂ ಆವತ್ತಿಗೇ ಆ ಒಲೆಯ ಬಳಕೆ ನಿಲ್ಲಿಸಿ. ಉಕ್ಕಿದ ಹಾಲು ಆ ಬಿರುಕಿನಿಂದ ಕರೆಂಟಿರುವ ಜಾಗಕ್ಕೇ ಇಳಿಯುತ್ತದೆ.

ಬಿಲ್ಲಿನ ಲೆಕ್ಕವನ್ನೂ ನೋಡಿಬಿಡೋಣ. ಒಂದು ಲೀಟರ್ ನೀರು ಕುದಿಸಲು ಸುಮಾರು 0.1 ಯೂನಿಟ್ ಸಾಕು. 14.2 ಕಿಲೋ ಸಿಲಿಂಡರಿನ ಅನಿಲದಲ್ಲಿ ಹೆಚ್ಚುಕಡಿಮೆ 180 ಯೂನಿಟ್‌ನಷ್ಟು ಶಾಖವಿದೆ. ಗ್ಯಾಸ್ ಒಲೆಯಲ್ಲಿ ಅದರ ನೂರಕ್ಕೆ 60 ಪಾಲು, ಇಂಡಕ್ಷನ್‌ನಲ್ಲಿ ಕರೆಂಟಿನ ನೂರಕ್ಕೆ 85 ಪಾಲು ಪಾತ್ರೆಗೆ ಸೇರುತ್ತದೆ ಎಂದು ಹಿಡಿದರೆ, ಒಂದು ಸಿಲಿಂಡರಿನ ಅಡುಗೆಗೆ 125ರಿಂದ 130 ಯೂನಿಟ್ ಬೇಕಾಗುತ್ತದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಉಚಿತ ಕರೆಂಟಿನ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ. 2022-23ರ ನಿಮ್ಮ ಮನೆಯ ತಿಂಗಳ ಸರಾಸರಿಗೆ ಸ್ವಲ್ಪ ಸೇರಿಸಿ ಆ ಮಿತಿ ಕಟ್ಟಿದ್ದಾರೆ. ಅದನ್ನು ದಾಟಿದ ಯೂನಿಟ್‌ಗಳಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲೇ ಕಟ್ಟಬೇಕು. ತಿಂಗಳಿಗೊಂದು ಸಿಲಿಂಡರ್ ಮುಗಿಸುವ, 80 ಯೂನಿಟ್ ಸುಡುವ ಮನೆ ಇಡೀ ಅಡುಗೆಯನ್ನು ಇಂಡಕ್ಷನ್‌ಗೆ ಹಾಕಿದರೆ ಆ ಗೆರೆ ದಾಟುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಿತಿ ನೋಡಿಕೊಂಡು ನೀರು, ಹಾಲು, ಅನ್ನ, ಸಾರಿಗೆ ಇದನ್ನು ಬಳಸಿ. ರೊಟ್ಟಿ ಉಬ್ಬಿಸಲು, ಬದನೆಕಾಯಿ ಸುಡಲು ಹೇಗೂ ಬೆಂಕಿಯೇ ಬೇಕು, ಗ್ಯಾಸ್ ಇರಲಿ.

ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡವರು ಮನೆಯಲ್ಲಿದ್ದರೆ ವೈದ್ಯರನ್ನು ಕೇಳಿ. ಒಲೆಯ ಕಾಂತಕ್ಷೇತ್ರ ತಾಗದಂತೆ, ಚಾಲೂ ಇರುವ ಒಲೆಯಿಂದ ಅವರ ಎದೆ ಎರಡು ಅಡಿ ದೂರವಿರಬೇಕು.

ಇನ್ನು ಮುದ್ದೆ. ಉರಿ ನೋಡಿ ಅಡುಗೆ ಮಾಡಿದ ಕಣ್ಣಿಗೆ ಈ ಒಲೆ ಎಷ್ಟು ಜೋರಾಗಿದೆ ಎಂಬುದು ಕಾಣುವುದಿಲ್ಲ, ಅಂಕಿಯನ್ನೇ ನೋಡಬೇಕು. ಎಸರಿಗೆ 2000 ವ್ಯಾಟ್ ಇಡಿ. ನೀರು ಮರಳಿ ಹಿಟ್ಟು ಹಾಕಿದ ಕೂಡಲೇ 600ಕ್ಕೆ ಇಳಿಸಿ. ಬಿಸಿಯೆಲ್ಲ ನೇರವಾಗಿ ತಳದಲ್ಲೇ ಹುಟ್ಟುವುದರಿಂದ ಮೊದಲಿನ ಉರಿಯಲ್ಲೇ ಬಿಟ್ಟರೆ ಹಿಟ್ಟು ಬೇಯುವ ಮೊದಲೇ ತಳ ಹತ್ತುತ್ತದೆ. ಕಡಿಮೆ ಅಂಕಿಯಲ್ಲಿ ಕುದಿ ಎದ್ದು, ನಿಂತು, ಮತ್ತೆ ಏಳುತ್ತದೆ. ಹಲವು ಒಲೆಗಳು ಸಣ್ಣ ಉರಿ ಕೊಡುವುದೇ ಹೀಗೆ, ಕರೆಂಟನ್ನು ಬಿಟ್ಟು ಬಿಟ್ಟು ಹರಿಸಿ. ಕೆಟ್ಟಿದೆ ಎಂದುಕೊಳ್ಳಬೇಡಿ. ಹಿಟ್ಟು ಬೆಂದ ಮೇಲೆ ಒಲೆಯ ಮೇಲೆಯೇ ಕೋಲು ಹಾಕಿ ತಿರುವುವ ಆಸೆ ಬೇಡ. ಆ ಗಾಜು ಬಿಸಿ ತಡೆಯುತ್ತದೆ, ಆದರೆ ಮುದ್ದೆ ತಿರುವುವವರ ತೋಳಿನ ಒತ್ತಡಕ್ಕೆ ಪಾತ್ರೆ ಜಾರುತ್ತದೆ, ಕುಟ್ಟಿದರೆ ಗಾಜು ಒಡೆಯುತ್ತದೆ. ಒಲೆ ಆರಿಸಿ ಪಾತ್ರೆಯನ್ನು ನೆಲಕ್ಕಿಳಿಸಿ, ನಮ್ಮ ಅಜ್ಜಿಯರು ಮಾಡುತ್ತಿದ್ದಂತೆ ಕವೆಗೋಲಿನಲ್ಲಿ ಹಿಡಿದು ಗಂಟಿಲ್ಲದಂತೆ ತಿರುವಿ. ಇನ್ನೂ ಹಬೆ ಬೇಕೆನಿಸಿದರೆ ಮುಚ್ಚಳ ಮುಚ್ಚಿ 400ರಲ್ಲಿ ಎರಡು ನಿಮಿಷ ಇಡಿ. ಪಾತ್ರೆ ತೆಗೆದ ಮೇಲೂ ಗಾಜು ಅದರ ಬಿಸಿಯಿಂದ ಕಾದಿರುತ್ತದೆ, ಮಕ್ಕಳು ಕೈ ಇಡದಂತೆ ನೋಡಿಕೊಳ್ಳಿ. ಒಳಗಿನ ಫ್ಯಾನು ಇನ್ನೂ ತಿರುಗುತ್ತಿರುತ್ತದೆ, ಈಗಲೇ ಪ್ಲಗ್ ಕೀಳಬೇಡಿ. ನೀವು ಕೈಗೆ ನೀರು ಹಚ್ಚಿಕೊಂಡು ಮಣೆಯ ಮೇಲೆ ಮುದ್ದೆ ಕಟ್ಟಿ ಮುಗಿಸುವಷ್ಟರಲ್ಲಿ ಅದು ನಿಂತಿರುತ್ತದೆ. ಕೈ ಒರೆಸಿಕೊಂಡು, ಸ್ವಿಚ್ ಆರಿಸಿ, ಆಮೇಲೆ ಪ್ಲಗ್ ತೆಗೆಯಿರಿ.