ನಕ್ಷತ್ರಗಳ ಗರ್ಭದಲ್ಲಿ ಎಲೆಕ್ಟ್ರಾನ್ ಸೆರೆ: ದರಗಳನ್ನು ಲೆಕ್ಕ ಹಾಕುವ ಬಗೆ

ಸೂರ್ಯನಿಗಿಂತ ಸುಮಾರು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು ದ್ರವ್ಯರಾಶಿಯುಳ್ಳ ನಕ್ಷತ್ರಗಳ ಅಂತ್ಯಕಾಲದಲ್ಲಿ ಅವುಗಳ ಗರ್ಭದಲ್ಲಿ ಕಬ್ಬಿಣದ ಗುಂಪಿನ ಧಾತುಗಳ ತಿರುಳು ರೂಪುಗೊಳ್ಳುತ್ತದೆ. ಕಬ್ಬಿಣದ ಸಮ್ಮಿಲನದಿಂದ ಶಕ್ತಿ ದೊರೆಯುವುದಿಲ್ಲವಾದ್ದರಿಂದ, ಈ ತಿರುಳು ಕುಸಿಯದಂತೆ ತಡೆದಿರುವುದು ಮುಖ್ಯವಾಗಿ ಎಲೆಕ್ಟ್ರಾನುಗಳ ಒತ್ತಡವೇ ಆಗಿರುತ್ತದೆ. ಪರಮಾಣು ಬೀಜದೊಳಗಿನ ಪ್ರೋಟಾನು ಒಂದು ಎಲೆಕ್ಟ್ರಾನನ್ನು ಸೆರೆಹಿಡಿದು ನ್ಯೂಟ್ರಾನಾಗಿ ಮಾರ್ಪಟ್ಟಾಗಲೆಲ್ಲ ಈ ಆಧಾರವು ಅಷ್ಟರ ಮಟ್ಟಿಗೆ ಕುಗ್ಗುತ್ತದೆ. ಜೊತೆಗೆ ಉತ್ಪನ್ನವಾಗುವ ನ್ಯೂಟ್ರಿನೊ ಶಕ್ತಿಯನ್ನು ಹೊತ್ತು ಹೊರನಡೆಯುತ್ತದೆ. ಈ ಕ್ರಿಯೆಯನ್ನು ನಡೆಸುವುದು ದುರ್ಬಲ ಅಂತರಕ್ರಿಯೆ.

ಈ ಖರ್ಚಿನ ಪರಿಣಾಮವನ್ನು ಅಂಕಿಗಳಲ್ಲಿ ನೋಡಬಹುದು. ತಿರುಳು ತಾಳಿಕೊಳ್ಳಬಲ್ಲ ಗರಿಷ್ಠ ದ್ರವ್ಯರಾಶಿ, ಅಂದರೆ ಚಂದ್ರಶೇಖರ್ ಮಿತಿಯು, ಪ್ರೋಟಾನು-ನ್ಯೂಟ್ರಾನುಗಳ ಒಟ್ಟು ಸಂಖ್ಯೆಗೆ ಎಲೆಕ್ಟ್ರಾನುಗಳ ಸಂಖ್ಯೆಯ ಅನುಪಾತದ ವರ್ಗವನ್ನು ಅವಲಂಬಿಸಿದೆ. ಅನುಪಾತವು 0.50 ಇದ್ದಲ್ಲಿ ಮಿತಿಯು ಸೂರ್ಯನ ಸುಮಾರು 1.45 ಪಟ್ಟು, 0.45ಕ್ಕೆ ಇಳಿದಲ್ಲಿ ಸುಮಾರು 1.18 ಪಟ್ಟು ಮಾತ್ರ. ಆದಕಾರಣ ಸೆರೆಯ ದರದಲ್ಲಾಗುವ ತಪ್ಪು ತಿರುಳು ಯಾವಾಗ ಕುಸಿಯುವುದೆಂಬ ಲೆಕ್ಕವನ್ನೇ ತಪ್ಪಿಸುತ್ತದೆ.

ಪ್ರಯೋಗಾಲಯದ ಅರ್ಧಾಯುಗಳನ್ನು ಇಲ್ಲಿ ನೇರವಾಗಿ ಬಳಸಲಾಗದು. ಕಬ್ಬಿಣ-56 ಭೂಮಿಯ ಮೇಲೆ ಸ್ಥಿರ. ಮ್ಯಾಂಗನೀಸ್-56 ಸುಮಾರು 2.6 ಗಂಟೆಗಳ ಅರ್ಧಾಯುವಿನೊಂದಿಗೆ ಎಲೆಕ್ಟ್ರಾನನ್ನು ಹೊರಸೂಸಿ ಕಬ್ಬಿಣ-56 ಆಗುತ್ತದೆ. ನಕ್ಷತ್ರದಲ್ಲಿ ಇದು ತಿರುವುಮುರುವಾಗುತ್ತದೆ. ಕಬ್ಬಿಣ-56 ಎಲೆಕ್ಟ್ರಾನನ್ನು ಸೆರೆಹಿಡಿಯಲು ಆ ಎಲೆಕ್ಟ್ರಾನಿಗೆ ಸುಮಾರು 37 ಲಕ್ಷ ಎಲೆಕ್ಟ್ರಾನ್ ವೋಲ್ಟ್ ಚಲನಶಕ್ತಿ ಬೇಕು. ಒಂದು ಘನ ಸೆಂಟಿಮೀಟರಿನಲ್ಲಿ 1000 ಟನ್ ವಸ್ತು ಅಡಕವಾಗಿರುವಾಗ ಎಲೆಕ್ಟ್ರಾನುಗಳ ಶಕ್ತಿಯ ಮೇಲ್ಮಟ್ಟ ಬಹುತೇಕ ಅಲ್ಲಿಗೆ ತಲುಪಿರುತ್ತದೆ. 10,000 ಟನ್ನಿಗೆ ಏರಿದಾಗ ಅದು 80 ಲಕ್ಷದಷ್ಟಾಗುತ್ತದೆ. ಹಿಂದಿರುಗಿ ಎಲೆಕ್ಟ್ರಾನನ್ನು ಹೊರಸೂಸಲು ಮ್ಯಾಂಗನೀಸಿಗೆ ಅವಕಾಶ ಸಿಗುವುದು ದುರ್ಲಭ, ಏಕೆಂದರೆ ಕೆಳಗಿನ ಸ್ಥಾನಗಳೆಲ್ಲ ಭರ್ತಿಯಾಗಿರುತ್ತವೆ.

ದರವನ್ನು ಲೆಕ್ಕ ಹಾಕುವಾಗ ಬೀಜವು ಆ ಉಷ್ಣತೆಯಲ್ಲಿ ಯಾವ ಯಾವ ಉದ್ರಿಕ್ತ ಸ್ಥಿತಿಗಳಲ್ಲಿ ಎಷ್ಟು ಪ್ರಮಾಣದಲ್ಲಿದೆ, ಪ್ರತಿಯೊಂದರಿಂದ ಹೊಸ ಬೀಜದ ಪ್ರತಿಯೊಂದು ಸ್ಥಿತಿಗೆ ದಾಟುವ ಬಲವೆಷ್ಟು, ಬೇಕಾದ ಶಕ್ತಿಯ ಎಲೆಕ್ಟ್ರಾನುಗಳು ಎಷ್ಟು ಲಭ್ಯ ಎಂಬುದನ್ನು ಗುಣಿಸಿ, ಎಲ್ಲವನ್ನೂ ಕೂಡಲಾಗುತ್ತದೆ. ಮೊದಲನೆಯದೂ ಮೂರನೆಯದೂ ಹೆಚ್ಚು ತೊಡಕಿಲ್ಲದ ಲೆಕ್ಕ. ನಿಜವಾದ ಕಷ್ಟವಿರುವುದು ಎರಡನೆಯದರಲ್ಲಿ, ಅಂದರೆ ಗಾಮೋವ್-ಟೆಲರ್ ಬಲದ ಹಂಚಿಕೆಯಲ್ಲಿ.

ಫುಲ್ಲರ್, ಫೌಲರ್ ಮತ್ತು ನ್ಯೂಮನ್ ಅವರು 1980ರ ದಶಕದ ಆರಂಭದಲ್ಲಿ ರಾಶಿಸಂಖ್ಯೆ 21ರಿಂದ 60ರವರೆಗಿನ 226 ಬೀಜಗಳಿಗೆ ದರಗಳ ಪಟ್ಟಿಯನ್ನು ಸಿದ್ಧಪಡಿಸಿದರು. ಆಗ ಈ ಬಲವು ಬಹುಪಾಲು ಒಂದೆಡೆ ಕೇಂದ್ರೀಕೃತವಾಗಿದೆಯೆಂದು ಅಂದಾಜಿಸಲಾಗಿತ್ತು. ಮುಂದಿನ ಪ್ರಯೋಗಗಳಿಂದ ಅದು ಹಲವು ಸ್ಥಿತಿಗಳಲ್ಲಿ ಚದುರಿದೆಯೆಂದೂ ಒಟ್ಟಾರೆ ಕಡಿಮೆಯೆಂದೂ ತಿಳಿದುಬಂದಿತು. ಲಾಂಗಾಂಕೆ ಮತ್ತು ಮಾರ್ಟಿನೆಜ್-ಪಿನೆಡೊ ಅವರು 2000ರ ಸುಮಾರಿಗೆ ಕವಚ ಮಾದರಿಯನ್ನು ಅನುಸರಿಸಿ, ರಾಶಿಸಂಖ್ಯೆ 45ರಿಂದ 65ರವರೆಗಿನ ನೂರಕ್ಕೂ ಹೆಚ್ಚು ಬೀಜಗಳ ದರಗಳನ್ನು ಹೊಸದಾಗಿ ಗಣಿಸಿದರು. ಎಲೆಕ್ಟ್ರಾನ್ ಸೆರೆಯ ದರಗಳು ಬಹುಮಟ್ಟಿಗೆ ಹಳೆಯ ಪಟ್ಟಿಗಿಂತ ಕಡಿಮೆ ಬಂದವು. ಕುಸಿತಕ್ಕೆ ಮುಂಚಿನ ತಿರುಳಿನಲ್ಲಿ ಹಿಂದೆ ಭಾವಿಸಿದ್ದಕ್ಕಿಂತ ತುಸು ಹೆಚ್ಚು ಎಲೆಕ್ಟ್ರಾನುಗಳು ಉಳಿದಿರುತ್ತವೆಯೆಂದು ಕಂಡುಬಂದಿತು.

ಕುಸಿತ ಆರಂಭವಾದ ನಂತರ ಇನ್ನೂ ಭಾರವಾದ, ನ್ಯೂಟ್ರಾನು ಅಧಿಕವಿರುವ ಬೀಜಗಳು ಮುಖ್ಯವಾಗುತ್ತವೆ. ಅವುಗಳಲ್ಲಿ ಹೆಚ್ಚಿನವುಗಳ ಬಗ್ಗೆ ನೇರ ಅಳತೆಗಳು ಲಭ್ಯವಿಲ್ಲದಿರುವುದರಿಂದ ಅಂದಾಜು ವಿಧಾನಗಳನ್ನೇ ಅವಲಂಬಿಸಲಾಗುತ್ತಿದೆ.