ಫ್ರಾಂಕ್ಲಿನ್‌ನ ಪತ್ರದಲ್ಲಿ ಔಚಿತ್ಯದ ಪರಿಭಾಷೆ

ರಾಯಭಾರಿಗಳ ಪತ್ರಗಳನ್ನು ಚರಿತ್ರೆಯ ಆಕರಗಳೆಂದಷ್ಟೇ ಪರಿಗಣಿಸುವುದು ವಾಡಿಕೆ. ಆದರೆ ಅವುಗಳ ಪದಪ್ರಯೋಗವೂ ವಿವೇಚನಾರ್ಹವಾದುದು. ಬೆಂಜಮಿನ್ ಫ್ರಾಂಕ್ಲಿನ್ 1782ರ ಡಿಸೆಂಬರ್ 17ರಂದು ಫ್ರಾನ್ಸಿನ ವಿದೇಶಾಂಗ ಸಚಿವ ವೆರ್ಜೆನ್‌ಗೆ ಬರೆದ ಪತ್ರವು ಇದಕ್ಕೆ ನಿದರ್ಶನ.

ಫ್ರಾನ್ಸಿನ ಅರಿವು, ಸಮ್ಮತಿಗಳಿಲ್ಲದೆ ಶಾಂತಿಸಂಧಾನ ನಡೆಸಬಾರದೆಂದು ಅಮೆರಿಕದ ಕಾಂಗ್ರೆಸ್ 1781ರಲ್ಲಿ ತನ್ನ ಪ್ರತಿನಿಧಿಗಳಿಗೆ ಸೂಚಿಸಿತ್ತು. ಆದರೂ ಫ್ರಾಂಕ್ಲಿನ್, ಜಾನ್ ಆಡಮ್ಸ್, ಜಾನ್ ಜೇ ಮೊದಲಾದವರು 1782ರ ನವೆಂಬರ್ 30ರಂದು ಪ್ಯಾರಿಸ್‌ನಲ್ಲಿ ಬ್ರಿಟನ್ನಿನೊಡನೆ ಪ್ರಾಥಮಿಕ ಒಪ್ಪಂದಕ್ಕೆ ಸಹಿ ಹಾಕಿದರು. ವೆರ್ಜೆನ್ ಪತ್ರಮುಖೇನ ಆಕ್ಷೇಪಿಸಿದನು. ಅದೇ ಸಮಯದಲ್ಲಿ ಅಮೆರಿಕವು ಫ್ರಾನ್ಸಿನಿಂದ ಹೊಸ ಸಾಲವನ್ನೂ ಕೋರಿತ್ತು.

ಉತ್ತರದಲ್ಲಿ ಫ್ರಾಂಕ್ಲಿನ್ ತಪ್ಪನ್ನು ಹೆಸರಿಸಲು ಆರಿಸಿಕೊಂಡದ್ದು 'ಬಿಯಾಂಸೆಯಾನ್ಸ್' ಎಂಬ ಫ್ರೆಂಚ್ ಪದವನ್ನು. ಶಿಷ್ಟಾಚಾರವೆಂಬ ಅರ್ಥದ ಈ ಪದವು ಫ್ರೆಂಚ್ ನಾಟಕಮೀಮಾಂಸೆಯಲ್ಲಿ ಔಚಿತ್ಯವನ್ನು ಸೂಚಿಸುವ ಪರಿಭಾಷೆಯೂ ಹೌದು. ಇದರಿಂದಾಗಿ ಕಾಂಗ್ರೆಸ್ಸಿನ ಆದೇಶದ ಉಲ್ಲಂಘನೆಯು ನಡವಳಿಕೆಯ ಲೋಪವಾಗಿ ಕಿರಿದಾಗುತ್ತದೆ. ಮೈತ್ರಿಭಂಗದ ಆರೋಪಕ್ಕೆ ಅವಕಾಶವೇ ಉಳಿಯುವುದಿಲ್ಲ. ಅನಂತರ ಆತನು, ಮಿತ್ರರನ್ನು ಆಗಲೇ ಒಡೆದೆವೆಂದು ಆಂಗ್ಲರು ಹಿಗ್ಗುತ್ತಿದ್ದಾರೆ, ಈ ಸಣ್ಣ ಮನಸ್ತಾಪವು ಗುಟ್ಟಾಗಿ ಉಳಿದರೆ ಅವರ ಎಣಿಕೆ ಹುಸಿಯಾದೀತು ಎಂಬ ಆಶಯವನ್ನು ವ್ಯಕ್ತಪಡಿಸುತ್ತಾನೆ. ಕ್ಷಮಾಯಾಚನೆಯ ಮಾತು ಹೀಗೆ ಎಚ್ಚರಿಕೆಯ ಧ್ವನಿಯನ್ನು ಪಡೆಯುತ್ತದೆ. ಮೈತ್ರಿ ಮುರಿಯಲಿಲ್ಲ. ಫ್ರಾನ್ಸ್ 60 ಲಕ್ಷ ಲಿವ್ರ್‌ಗಳ ಸಾಲಕ್ಕೆ ಸಮ್ಮತಿಸಿತು. ಅಂತಿಮ ಒಪ್ಪಂದಕ್ಕೆ 1783ರ ಸೆಪ್ಟೆಂಬರ್ 3ರಂದು ಸಹಿಯಾಯಿತು.