ಚಿಟ್ಟೆಯ ಹಳದಿ, ಮನೆಯ ಎರಡು ಹಳದಿ ಮಾತ್ರೆ



ಮಳೆ ಬಿಟ್ಟ ಮೇಲೆ ವಾಗ್ಳೆ ಎಸ್ಟೇಟ್‌ನಿಂದ ಯೆವೂರ್ ಗುಡ್ಡದ ಕಡೆ ಹೋದರೆ ಪುಟ್ಟ ಹಳದಿ ಚಿಟ್ಟೆಗಳು ಕಾಣುತ್ತವೆ. ಮಕ್ಕಳು ಹಿಡಿದರೆ ಬೆರಳಿಗೆ ಹಳದಿ ಪುಡಿ ಅಂಟುತ್ತದೆ. ಇಂಥ ಚಿಟ್ಟೆಗಳ ಬಣ್ಣ ಪ್ಟೆರಿನ್ ಎಂಬ ವಸ್ತುಗಳದ್ದು. ಝಾಂಥೊಪ್ಟೆರಿನ್ ಅವುಗಳಲ್ಲೊಂದು. 1889ರಲ್ಲೇ ಇಂಗ್ಲೆಂಡಿನ ವಿಜ್ಞಾನಿ ಹಾಪ್ಕಿನ್ಸ್ ಚಿಟ್ಟೆ ರೆಕ್ಕೆಯ ಹಳದಿಯ ಬಗ್ಗೆ ಬರೆದಿದ್ದರು.

ಹೃದಯದ ಡಾಕ್ಟರಿಗೆ ಚಿಟ್ಟೆಯ ಚಿಂತೆ ಯಾಕೆ ಅನ್ನುತ್ತೀರಾ? ಅದೇ ಪ್ಟೆರಿನ್ ಚೌಕಟ್ಟು ಫೋಲಿಕ್ ಆಸಿಡ್ ಮಾತ್ರೆಯಲ್ಲೂ ಇದೆ.

ಫೋಲಿಕ್ ಆಸಿಡ್ ಕಡಿಮೆಯಾದರೆ ರಕ್ತಕಣಗಳು ಸರಿಯಾಗಿ ಹುಟ್ಟುವುದಿಲ್ಲ. ಆಗ ಹೃದಯ ಹೆಚ್ಚು ದುಡಿಯಬೇಕು. ಎದೆ ಡವಡವ ಅನ್ನುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ಇದರ ಸುಳಿವು ಸಿಕ್ಕಿದ್ದು ನಮ್ಮ ಮುಂಬಯಿಯಲ್ಲೇ. ಇಲ್ಲಿನ ಬಟ್ಟೆ ಗಿರಣಿ ಹೆಂಗಸರಲ್ಲಿ ಬಸುರಿನ ಕಾಲದ ರಕ್ತಹೀನತೆ ಕಂಡ ಡಾ. ಲೂಸಿ ವಿಲ್ಸ್, ಯೀಸ್ಟ್ ಸಾರದಿಂದ ಅದು ಗುಣವಾಗುತ್ತದೆಂದು 1931ರಲ್ಲಿ ಪ್ರಕಟಿಸಿದರು. ಆ ಸಾರದಲ್ಲಿದ್ದದ್ದು ಫೋಲಿಕ್ ಆಸಿಡ್ ಎಂದು ಮುಂದೆ ತಿಳಿಯಿತು.

ಈಗ ಮುಖ್ಯ ಮಾತು. ಸಂಧಿವಾತ, ಸೋರಿಯಾಸಿಸ್‌ಗೆ ಕೊಡುವ *ಮೆಥೊಟ್ರೆಕ್ಸೇಟ್* ನೋಡಲು ಫೋಲಿಕ್ ಆಸಿಡ್‌ನ ಅಣ್ಣತಮ್ಮನ ಹಾಗೆ. ಕೆಲಸ ಮಾತ್ರ ತದ್ವಿರುದ್ಧ. ಜೀವಕೋಶದೊಳಗೆ ಸೇರಿ ಫೋಲಿಕ್ ಆಸಿಡ್ ಕೆಲಸವನ್ನೇ ತಡೆಯುತ್ತದೆ. ಅದಕ್ಕೇ ಈ ಕಾಯಿಲೆಗಳಿಗೆ ಅದನ್ನು *ವಾರಕ್ಕೆ ಒಂದೇ ದಿನ* ಕೊಡುವುದು. ಜೊತೆಗೆ ಫೋಲಿಕ್ ಆಸಿಡನ್ನೂ ಬರೆಯುತ್ತಾರೆ. ಎರಡೂ ಮಾತ್ರೆ ಹಳದಿಯಾಗಿರುವುದುಂಟು.

ಊರಿಂದ ಬಂದ ಅಜ್ಜಿಗೆ ಇಂಗ್ಲಿಷ್ ಚೀಟಿ ಓದಲು ಬರುವುದಿಲ್ಲ. ಬಣ್ಣ ನೋಡಿ ಮಾತ್ರೆ ನುಂಗುತ್ತಾರೆ. ಮೆಥೊಟ್ರೆಕ್ಸೇಟನ್ನು ದಿನಾ ತಿಂದರೆ ಬಾಯಿ ಹುಣ್ಣು, ಜ್ವರ, ರಕ್ತಕಣಗಳ ಕುಸಿತ, ಜೀವವೇ ಹೋಗಬಹುದು.

*ಇವತ್ತೇ ಮಾಡಿ:*
✅ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ. ಮೆಥೊಟ್ರೆಕ್ಸೇಟ್ ಡಬ್ಬಿಯ ಮೇಲೆ ಡಾಕ್ಟರು ಹೇಳಿದ ವಾರವನ್ನು ಕನ್ನಡದಲ್ಲೇ ಬರೆಯಿರಿ: "ಸೋಮವಾರ ಮಾತ್ರ".
✅ ತಪ್ಪಿ ಹೆಚ್ಚು ತಿಂದಿದ್ದರೆ, ಆರಾಮಿದ್ದರೂ ತಕ್ಷಣ ಆಸ್ಪತ್ರೆಗೆ ಹೋಗಿ. ಮಾತ್ರೆಯ ಪಟ್ಟಿ ಒಯ್ಯಿರಿ.
✅ ಬಸುರಿಯರಿಗೆ ಮೆಥೊಟ್ರೆಕ್ಸೇಟ್ ಸಲ್ಲದು. ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ಹೇಳಿ.
✅ ಪಾಲಕ್, ಮೆಂತೆಸೊಪ್ಪು, ಹೆಸರುಕಾಳು, ಕಡಲೆ ಊಟದಲ್ಲಿರಲಿ. ಸೊಪ್ಪು ಬೇಯಿಸಿದ ನೀರು ಚೆಲ್ಲದೆ ಸಾರಿಗೆ ಹಾಕಿ.
❌ ಫೋಲಿಕ್ ಆಸಿಡ್ ತಿಂದರೆ ಹಾರ್ಟ್ ಬ್ಲಾಕೇಜ್ ಕರಗುತ್ತದೆ ಎಂಬ ಮೆಸೇಜ್ ನಂಬಬೇಡಿ. ಬಿಪಿ, ಹೃದಯದ ಮಾತ್ರೆ ನಿಲ್ಲಿಸಬೇಡಿ.

ಓದಿ ಸುಮ್ಮನಾಗಬೇಡಿ. ಈಗಲೇ ಎದ್ದು ಅಪ್ಪ-ಅಮ್ಮನ ಮಾತ್ರೆ ಡಬ್ಬಿ ತೆಗೆದು ನೋಡಿ. ಅವರು ಊರಲ್ಲಿದ್ದರೆ ಒಂದು ಫೋನ್ ಮಾಡಿ.